ವಾರ್ಡ್ ಸಿಬ್ಬಂದಿಯ ಸೆಲ್ಫ್-ಎಫಿಕಸಿ ಅಳೆಯೋಕೆ ಆ ಹತ್ತು ಪ್ರಶ್ನೆ ಸಾಕಾ?

ವಾರ್ಡ್_ಪುಸ್ತಕ:
ನಮಸ್ಕಾರ. ನಾನು ನರ್ಸ್, ಈಗ ಸಿಬ್ಬಂದಿ ತರಬೇತಿ ನೋಡ್ಕೋತೀನಿ. ವಾರ್ಡ್ ನರ್ಸ್‌ಗಳಿಗೂ ಕಿರಿಯ ಡಾಕ್ಟರ್‌ಗಳಿಗೂ ಸೇರಿಸಿ ಒಂದು ತರಬೇತಿ ಶುರುವಾಗ್ತಿದೆ. ರೋಗಿ ಹದಗೆಡ್ತಿರೋದನ್ನ ಬೇಗ ಗುರುತಿಸೋದು, ಹಿರಿಯರಿಗೆ ಫೋನ್ ಮಾಡಿ ಸರಿಯಾಗಿ ವಿವರಿಸೋದು, ಅಗತ್ಯ ಬಿದ್ರೆ ತಂಡ ಬರೋವರೆಗೆ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಮಾಡೋ ತುರ್ತು ಚಿಕಿತ್ಸೆ) ನಡೆಸೋದು, ಇಷ್ಟು. ಮುಂಚೆ ಒಂದ್ಸಲ, ಆದಮೇಲೆ ಒಂದ್ಸಲ ಪ್ರಶ್ನಾವಳಿ ಕೊಟ್ಟು ಸೆಲ್ಫ್-ಎಫಿಕಸಿ, ಅಂದ್ರೆ ಇದು ನನ್ನಿಂದ ಆಗುತ್ತೆ ಅನ್ನೋ ನಂಬಿಕೆ, ಏರಿದೆಯಾ ಅಂತ ತೋರಿಸಬೇಕು.

ಮೇಲಿನವರ ಸಲಹೆ: ಶ್ವಾರ್ಜರ್ ಮತ್ತು ಜೆರುಸಲೆಮ್ ಅವರ ಜನರಲ್ ಸೆಲ್ಫ್-ಎಫಿಕಸಿ ಸ್ಕೇಲ್ ಹಾಕಿ, ಮುಗಿಸಿ. ಹತ್ತು ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 4, ಒಟ್ಟು ಅಂಕ 10ರಿಂದ 40. ಎಲ್ಲ ಕಡೆ ಬಳಸಿದ್ದಾರೆ, ಯಾರೂ ತಕರಾರು ತೆಗೆಯಲ್ಲ ಅನ್ನೋದು ಅವರ ವಾದ. ಆದ್ರೆ ಆ ಹೇಳಿಕೆಗಳೆಲ್ಲ ಬದುಕಲ್ಲಿ ಏನೇ ಬಂದ್ರೂ ನಿಭಾಯಿಸ್ತೀನಿ ಅನ್ನೋ ಧಾಟಿಯವು. ಅದನ್ನ ತುಂಬಿಸ್ಕೊಂಡ್ರೆ ಸಿಪಿಆರ್ ಬಗ್ಗೆ, ಫೋನ್ ಬಗ್ಗೆ ನಂಗೇನು ಗೊತ್ತಾಗುತ್ತೆ? ಅನುಭವ ಇರೋರು ದಯವಿಟ್ಟು ಹೇಳಿ.

ಸೊನ್ನೆ_ಒಂದು:
ಏನೂ ಗೊತ್ತಾಗಲ್ಲ. ಅಂಕವೂ ಏರಲ್ಲ. ಆಮೇಲೆ "ತರಬೇತಿಯಿಂದ ಪ್ರಯೋಜನ ಆಗಿಲ್ಲ" ಅಂತ ವರದಿ ಬರುತ್ತೆ. ಲೆಕ್ಕದ ಭಾಗ ಆಮೇಲೆ ಬರೀತೀನಿ, ಮೊದಲು ಮನಃಶಾಸ್ತ್ರದವರು ಮಾತಾಡ್ಲಿ.

ಹಗಲು_ಗನಸು:
ಕರೆದ ಹಾಗಾಯ್ತು, ಬಂದೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಈ ಕಲ್ಪನೆಯನ್ನು 1977ರಲ್ಲಿ ಮುಂದಿಟ್ಟವರು ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. ಅವರು ಹೇಳಿದ್ದು ಒಟ್ಟಾರೆ ಧೈರ್ಯದ ಬಗ್ಗೆ ಅಲ್ಲ. ಇಂಥ ಒಂದು ಕೆಲಸವನ್ನು, ಇಂಥ ಸಂದರ್ಭದಲ್ಲಿ, ನಾನು ಮಾಡಬಲ್ಲೆ ಎಂದು ಒಬ್ಬ ವ್ಯಕ್ತಿ ಎಷ್ಟು ನಂಬುತ್ತಾನೆ ಎಂಬುದರ ಬಗ್ಗೆ. ಕೆಲಸ ಬದಲಾದರೆ ನಂಬಿಕೆಯೂ ಬದಲಾಗುತ್ತದೆ. ಐವಿ ಲೈನ್ ಹಾಕುವುದರಲ್ಲಿ ಕೈ ನಡುಗದ ನರ್ಸ್‌ಗೆ ಸಾವಿನ ಸುದ್ದಿಯನ್ನು ಮನೆಯವರಿಗೆ ತಿಳಿಸುವಾಗ ಗಂಟಲು ಕಟ್ಟಬಹುದು. ಇವೆರಡನ್ನೂ ಸೇರಿಸಿ ಒಂದು ಸಂಖ್ಯೆ ಮಾಡಿದರೆ ಅದು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಶ್ವಾರ್ಜರ್–ಜೆರುಸಲೆಮ್ ಸ್ಕೇಲ್ ಕೆಟ್ಟದ್ದೇನೂ ಅಲ್ಲ. 1979ರಲ್ಲಿ ಜರ್ಮನ್ ಭಾಷೆಯಲ್ಲಿ 20 ಹೇಳಿಕೆಗಳೊಂದಿಗೆ ಹುಟ್ಟಿತು, 1981ರಲ್ಲಿ 10ಕ್ಕೆ ಇಳಿಯಿತು, ಆಮೇಲೆ ಹತ್ತಾರು ಭಾಷೆಗಳಿಗೆ ಹೋಯಿತು. ಜೀವನದ ಒತ್ತಡಗಳನ್ನು ಎದುರಿಸುವ ಒಟ್ಟು ಮನೋಭಾವ ತಿಳಿಯಬೇಕಿದ್ದರೆ ಸರಿಯಾದ ಸಾಧನವೇ. ಆದರೆ ಅದು ಹೆಚ್ಚುಕಡಿಮೆ ಸ್ವಭಾವವನ್ನು ಅಳೆಯುತ್ತದೆ. ಎರಡು ದಿನದ ತರಬೇತಿಗೆ ಸ್ವಭಾವ ಅಲುಗುವುದಿಲ್ಲ.

2006ರಲ್ಲಿ ಬಂಡೂರ ಇಂಥ ಸ್ಕೇಲ್‌ಗಳನ್ನು ಕಟ್ಟುವುದು ಹೇಗೆ ಎಂದೇ ಒಂದು ಮಾರ್ಗದರ್ಶಿ ಬರೆದರು. ಎಲ್ಲಕ್ಕೂ ಹೊಂದುವ ಒಂದೇ ಅಳತೆ ಇಲ್ಲ ಎಂದು ಅದರಲ್ಲೇ ನೇರವಾಗಿ ಹೇಳಿದ್ದಾರೆ. ನಿಮಗೆ ಅದರಿಂದ ಮುಖ್ಯವಾಗಿ ಬೇಕಾದದ್ದು ಎರಡು. ಒಂದು, ಕೇಳಬೇಕಾದ್ದು "ಮಾಡಬಲ್ಲೆ" ಎಂಬುದನ್ನು, "ಮಾಡುತ್ತೇನೆ" ಎಂಬುದನ್ನಲ್ಲ. ಮಾಡುತ್ತೇನೆ ಎನ್ನುವುದು ಉದ್ದೇಶ. ಎರಡನೆಯದು ಇದಕ್ಕಿಂತ ದೊಡ್ಡದು: ಅಡ್ಡಿ ಪ್ರಶ್ನೆಯ ಒಳಗೇ ಇರಬೇಕು. ವ್ಯಾಯಾಮದ ಬಗ್ಗೆ ಅವರು ಕೊಟ್ಟ ಉದಾಹರಣೆ ನೋಡಿ. ವ್ಯಾಯಾಮ ಮಾಡಬಲ್ಲಿರಾ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಅವರು ಕೇಳುವುದು ಸುಸ್ತಾಗಿದ್ದಾಗ, ಕೆಲಸದ ಒತ್ತಡ ಇದ್ದಾಗ, ಹವೆ ಕೆಟ್ಟಿದ್ದಾಗ ನಿಯಮಿತವಾಗಿ ಮಾಡಬಲ್ಲಿರಾ ಎಂದು. ಅಡ್ಡಿ ಇಲ್ಲದ ಪ್ರಶ್ನೆಗೆ ಎಲ್ಲರ ಉತ್ತರವೂ ಒಂದೇ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಅಳೆದಂತಾಗಲಿಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ ಪ್ರಶ್ನೆ ಬರೆಯುವುದಲ್ಲ. ವಾರ್ಡಿಗೆ ಹೋಗಿ, ಈ ಮೂರು ಕೆಲಸ ಮಾಡುವಾಗ ಏನು ಅಡ್ಡ ಬರುತ್ತದೆ ಎಂದು ಕೆಲಸ ಮಾಡುವವರನ್ನೇ ಕೇಳಿ.

ರಾತ್ರಿ_ಪಾಳಿ:
ಅದಕ್ಕೆ ವಾರ್ಡಿಗೆ ಯಾಕೆ ಹೋಗ್ಬೇಕು, ನಾನೇ ಹೇಳ್ತೀನಿ. ಐಸಿಯುನಲ್ಲೂ ವಾರ್ಡಲ್ಲೂ ಕೂದಲು ನರೆತಿದೆ.

ಗುರುತಿಸೋದು ಕಷ್ಟ ಅಲ್ಲ ಮೇಡಂ. ಉಸಿರಾಟದ ವೇಗ 28 ಇದೆ, ನಾಡಿ ಏರ್ತಿದೆ, ಮಧ್ಯಾಹ್ನ ಚೆನ್ನಾಗಿ ಮಾತಾಡ್ತಿದ್ದೋರು ಈಗ ಪ್ರಶ್ನೆಗೆ ತಡವಾಗಿ ಉತ್ತರ ಕೊಡ್ತಿದ್ದಾರೆ. ಮೂರು ವರ್ಷ ಕೆಲಸ ಮಾಡಿದ ಯಾವ ಸಿಸ್ಟರ್‌ಗೂ ಇದು ಕಣ್ಣಿಗೆ ಬೀಳುತ್ತೆ. ಕಷ್ಟ ಇರೋದು ಫೋನ್‌ನಲ್ಲಿ.

ಹೇಗೆ ನಡಿಯುತ್ತೆ ಅಂದ್ರೆ: ರಾತ್ರಿ ಮೂರು ಗಂಟೆ. ಫೋನ್ ಕೈಲಿದೆ. ನಂಬರ್ ಒತ್ತೋ ಮುಂಚೆ ಹುಡುಗಿ ಬಿಪಿ ಇನ್ನೊಂದ್ಸಲ ನೋಡ್ತಾಳೆ. ಅದು ಅಷ್ಟೇ ಇದೆ. ಕಫ್ ಸರಿಯಾಗಿ ಕಟ್ಟಿಲ್ವೇನೋ ಅಂತ ಇನ್ನೊಂದು ಕೈಗೆ ಕಟ್ತಾಳೆ. ಚಾರ್ಟ್ ಮತ್ತೆ ತಿರುವಿ ಹಾಕ್ತಾಳೆ. ಪಕ್ಕದವಳನ್ನ ಕರೆದು "ನಿಂಗೇನ್ ಅನ್ಸುತ್ತೆ" ಅಂತಾಳೆ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯ್ತು. ಇದು ತಿಳಿವಳಿಕೆ ಕೊರತೆ ಅಲ್ಲ. ಹೋದ ವಾರ ಫೋನ್ ಮಾಡ್ದಾಗ ಆ ಕಡೆಯಿಂದ "ಇದಕ್ಕೆಲ್ಲ ಎಬ್ಬಿಸ್ತೀರಾ" ಅಂತ ಬೈಸ್ಕೊಂಡಿದ್ದು ಕಿವೀಲಿ ಇನ್ನೂ ಇದೆ.

ನಿಮ್ಮ ಪ್ರಶ್ನಾವಳೀಲಿ ಈ ಬೈಗುಳ ಇಲ್ದಿದ್ರೆ ಅದು ನಮ್ಮ ಕೆಲಸದ ಪ್ರಶ್ನಾವಳಿ ಅಲ್ಲ.

ಹಗಲು_ಗನಸು:
ನಾನು ಅರ್ಧ ಪುಟ ಬರೆದು ಹೇಳಲು ಹೊರಟಿದ್ದು ಇದನ್ನೇ. ಮೇಡಂ, ಇನ್ನೂ ಇಂಥವು ಇದ್ದರೆ ಬರೆಯಿರಿ.

ಹಳೇ_ಸ್ಟೆತ್:
ನಾನು ಸ್ವಲ್ಪ ಅಪಸ್ವರ ತೆಗೀತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟೆಲ್ಲ ಮಾಡಿ ಕೊನೆಗೆ ಸಿಗೋದೇನು? ಜನ ತಮ್ಮ ಬಗ್ಗೆ ತಾವೇ ಕೊಟ್ಟ ಸರ್ಟಿಫಿಕೇಟ್. ಡಾಕ್ಟರ್‌ಗಳ ಸ್ವಮೌಲ್ಯಮಾಪನವನ್ನ ಹೊರಗಿನವರ ಮೌಲ್ಯಮಾಪನದ ಜೊತೆ ಹೋಲಿಸಿದ ಅಧ್ಯಯನಗಳನ್ನೆಲ್ಲ ಕೂಡಿಸಿ 2006ರಲ್ಲಿ ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವಿಮರ್ಶೆ ಬಂತು. 20 ಹೋಲಿಕೆಗಳಲ್ಲಿ 13ರಲ್ಲಿ ಎರಡಕ್ಕೂ ಸಂಬಂಧ ತೀರಾ ಕಡಿಮೆ, ಅಥವಾ ಇಲ್ಲವೇ ಇಲ್ಲ, ಅಥವಾ ಉಲ್ಟಾ. ಅದೂ ಕಡಿಮೆ ಕೌಶಲ ಇದ್ದು ಹೆಚ್ಚು ಭರವಸೆ ಇದ್ದೋರ ಅಂದಾಜೇ ಜಾಸ್ತಿ ಕೆಟ್ಟಿತ್ತು.

ಸಿಪಿಆರ್ ತಗೊಳ್ಳಿ. ವಯಸ್ಕರಿಗೆ ಎದೆ 5ರಿಂದ 6 ಸೆಂಟಿಮೀಟರ್ ಕೆಳಗೆ ಹೋಗ್ಬೇಕು, ನಿಮಿಷಕ್ಕೆ 100ರಿಂದ 120 ಸಲ. ಅಳತೆ ತೋರಿಸೋ ಮನಿಕಿನ್ (ಅಭ್ಯಾಸದ ಗೊಂಬೆ) ಇದೆ. ಅದರ ಮೇಲೆ ಎರಡು ನಿಮಿಷ ಒತ್ತಿಸಿ, ಪರದೆ ನೋಡಿ, ಮನೆಗೆ ಕಳಿಸಿ. "ನಿಮಗೆ ಎಷ್ಟು ನಂಬಿಕೆ ಇದೆ" ಅಂತ ಕೇಳೋದ್ರಿಂದ ಯಾವ ಎದೆಯೂ ಕೆಳಗೆ ಹೋಗಲ್ಲ.

ಹಗಲು_ಗನಸು:
ಸರ್, ಪೂರ್ತಿ ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಸೆಲ್ಫ್-ಎಫಿಕಸಿ ಕೌಶಲದ ಅಳತೆ ಅಲ್ಲ. ಯಾರಾದರೂ ಅಂಕ ಏರಿದ್ದನ್ನು ತೋರಿಸಿ "ಸಿಬ್ಬಂದಿಯ ಕೌಶಲ ಹೆಚ್ಚಿತು" ಎಂದು ಬರೆದರೆ ಅದು ಸುಳ್ಳು. ದುರದೃಷ್ಟಕ್ಕೆ ಹಾಗೆ ಬರೆದ ವರದಿಗಳಿಗೆ ಬರ ಇಲ್ಲ.

ಆದರೆ ನಂಬಿಕೆ ಬೇರೊಂದು ವಿಷಯವನ್ನು ಮುನ್ಸೂಚಿಸುತ್ತದೆ: ಕೆಲಸಕ್ಕೆ ಕೈ ಹಾಕುತ್ತಾರೋ ಇಲ್ಲವೋ, ಅಡ್ಡಿ ಬಂದಾಗ ಮುಂದುವರಿಸುತ್ತಾರೋ ಬಿಟ್ಟುಬಿಡುತ್ತಾರೋ. ಮೇಡಂ ಹೇಳಿದ ಹುಡುಗಿಯನ್ನೇ ನೋಡಿ. ಅವಳ ಕೌಶಲ ಪರೀಕ್ಷಿಸಿದರೆ ಪೂರ್ತಿ ಅಂಕ. ಆದರೂ ಇಪ್ಪತ್ತು ನಿಮಿಷ ಹೋಯಿತು. ನಿಮ್ಮ ಮನಿಕಿನ್ ಅವಳನ್ನು ಹಿಡಿಯುವುದಿಲ್ಲ.

ಎರಡನ್ನೂ ಅಳೆಯಿರಿ ಎನ್ನುವುದು ನನ್ನ ಮಾತು. ಕೌಶಲ ಇದ್ದು ನಂಬಿಕೆ ಇಲ್ಲದವರು ತಡ ಮಾಡುತ್ತಾರೆ. ನಂಬಿಕೆ ಇದ್ದು ಕೌಶಲ ಇಲ್ಲದವರು ಅಪಾಯ, ಅವರು ಸಹಾಯ ಕೇಳುವುದೂ ಇಲ್ಲ. ಸಿಪಿಆರ್ ಕೌಶಲವಂತೂ ಅಭ್ಯಾಸ ತಪ್ಪಿದರೆ ಕೆಲವೇ ತಿಂಗಳಲ್ಲಿ ಕುಸಿಯುತ್ತದೆ, ಆದರೆ "ನನಗೆ ಬರುತ್ತದೆ" ಎಂಬ ಭಾವನೆ ಅದೇ ವೇಗದಲ್ಲಿ ಇಳಿಯುವುದಿಲ್ಲ. ಮನಿಕಿನ್ ಮತ್ತು ಕಾಗದ ಎರಡೂ ಇದ್ದಾಗ ಮಾತ್ರ ಆ ಅಂತರ ಕಣ್ಣಿಗೆ ಬೀಳುತ್ತದೆ.

ಹಳೇ_ಸ್ಟೆತ್:
ಅಂತರ ಅಳೀತೀರಾ ಅಂದ್ರೆ ನನ್ನ ತಕರಾರಿಲ್ಲ. ಬರೀ ಕಾಗದ ಅಂದ್ರೆ ಇದೆ.

ಹೊಸಬ_ಇಂಟರ್ನ್:
ಹಿರಿಯರ ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇಂಥ ಫಾರ್ಮ್ ತುಂಬೋರ ಕಡೆಯಿಂದ ಒಂದು ಮಾತು.

ಫಾರ್ಮ್‌ನ ಮೇಲ್ಗಡೆ ಹೆಸರು, ಸಿಬ್ಬಂದಿ ನಂಬರ್, ವಿಭಾಗ ಇರುತ್ತೆ. ತರಬೇತಿ ಕೊಟ್ಟ ಸರ್ ಎದುರಿಗೇ ನಿಂತಿರ್ತಾರೆ. ತುಂಬಿದ್ದನ್ನ ಅವರ ಕೈಗೇ ಕೊಡ್ಬೇಕು. ಅಲ್ಲಿ "ನಂಗೆ ಇದು ನೂರಕ್ಕೆ 40 ಅಷ್ಟೇ ಬರುತ್ತೆ" ಅಂತ ಯಾರು ಬರೀತಾರೆ ಹೇಳಿ? ನಾವೆಲ್ಲ ಮೇಲಿಂದ ಕೆಳಗೆ ಒಂದೇ ಗೆರೆ ಎಳೆದ ಹಾಗೆ ಟಿಕ್ ಹಾಕಿ ಕೊಡ್ತೀವಿ. ಮೊದಲನೇ ಸಲ "ಒಪ್ಪುತ್ತೇನೆ", ತರಬೇತಿ ಆದಮೇಲೆ "ಪೂರ್ಣ ಒಪ್ಪುತ್ತೇನೆ". ಎಲ್ಲರಿಗೂ ಖುಷಿ.

ರಾತ್ರಿ_ಪಾಳಿ:
ಹಹ್ಹಾ. ಈ ಹುಡುಗ ಬದುಕ್ಕೋತಾನೆ.

ವಾರ್ಡ್_ಪುಸ್ತಕ:
ಇದು ನಿಜವಾದ ತೊಂದರೆ. ಹೆಸರು ಬೇಡ ಅಂದ್ರೆ ಮೊದಲಿನ ಹಾಳೆ ಯಾರದ್ದು, ಆಮೇಲಿನ ಹಾಳೆ ಯಾರದ್ದು ಅಂತ ಜೋಡಿಸೋದು ಹೇಗೆ? ಜೋಡಿ ಇಲ್ದೆ ಸರಾಸರಿ ಮಾತ್ರ ಹೋಲಿಸಿದ್ರೆ ನಡಿಯುತ್ತಾ?

ಸೊನ್ನೆ_ಒಂದು:
ಜೋಡಿ ಇಲ್ಲದೆ ಮಾಡಬೇಡಿ, ಅರ್ಧ ಮಾಹಿತಿ ಚರಂಡಿಗೆ ಹೋಗುತ್ತೆ. ಒಬ್ಬರಿಗೊಬ್ಬರಿಗೆ ಇರೋ ವ್ಯತ್ಯಾಸ ದೊಡ್ಡದು, ತರಬೇತಿಯಿಂದ ಆಗೋ ವ್ಯತ್ಯಾಸ ಚಿಕ್ಕದು. ಜೋಡಿಸಿದ್ರೆ ಮಾತ್ರ ಚಿಕ್ಕದು ಕಾಣುತ್ತೆ.

ಸಂಕೇತ ಬಳಸಿ. ಅಮ್ಮನ ಹೆಸರಿನ ಮೊದಲ ಅಕ್ಷರ, ಹುಟ್ಟಿದ ದಿನಾಂಕದ ದಿನ ಮಾತ್ರ, ಮೊದಲು ಓದಿದ ಶಾಲೆಯ ಹೆಸರಿನ ಮೊದಲ ಅಕ್ಷರ. ಅವರೇ ಬರ್ಕೋತಾರೆ, ಅವರಿಗೇ ನೆನಪಿರುತ್ತೆ, ನಿಮ್ಮ ಹತ್ರ ಪಟ್ಟಿ ಇರಲ್ಲ. ಕೆಲವು ಹಾಳೆ ಹೊಂದಾಣಿಕೆ ಆಗದೆ ಹೋಗುತ್ತೆ, ಹೋಗ್ಲಿ. ಆದ್ರೆ ವಿಭಾಗ, ವಯಸ್ಸು, ಲಿಂಗ, ಅನುಭವ ಎಲ್ಲ ಕೇಳಿದ್ರೆ ಸಂಕೇತ ಇದ್ದೂ ಪ್ರಯೋಜನ ಇಲ್ಲ. ಎಂಟು ಜನ ಇರೋ ವಾರ್ಡಲ್ಲಿ "ಗಂಡು, 40 ದಾಟಿದೆ" ಅಂದ್ರೆ ಅದು ಹೆಸರೇ. ವಿಶ್ಲೇಷಣೆಗೆ ನಿಜವಾಗಿ ಬೇಕಾದ್ದು ಮಾತ್ರ ಕೇಳಿ.

ಹಾಳೆ ಹಾಕೋಕೆ ಮುಚ್ಚಿದ ಪೆಟ್ಟಿಗೆ ಇಡಿ, ತರಬೇತಿ ಕೊಟ್ಟವರು ಆ ಹೊತ್ತಲ್ಲಿ ಕೋಣೆಯಲ್ಲಿ ಇರಬಾರದು.

ಹಗಲು_ಗನಸು:
ಇನ್ನೊಂದು: ಹಾಳೆಯ ತಲೆಬರಹದಲ್ಲಿ ಸೆಲ್ಫ್-ಎಫಿಕಸಿ, ಆತ್ಮವಿಶ್ವಾಸ ಎಂಬ ಮಾತೇ ಬೇಡ. ಬಂಡೂರ ಕೂಡ ತಟಸ್ಥ ಶೀರ್ಷಿಕೆ ಹಾಕಿ ಎನ್ನುತ್ತಾರೆ. "ಆತ್ಮವಿಶ್ವಾಸ ಪರೀಕ್ಷೆ" ಎಂದು ಕಂಡ ಕೂಡಲೇ ಜನ ಎದೆ ಸೆಟೆಸುತ್ತಾರೆ. "ವಾರ್ಡ್ ಕೆಲಸದ ಸಂದರ್ಭಗಳು" ಎಂದರೆ ಸಾಕು.

ವಾರ್ಡ್_ಪುಸ್ತಕ:
ಸರಿ, ನಿನ್ನೆ ಕೂತು ಐದು ಹೇಳಿಕೆ ಬರೆದಿದ್ದೀನಿ. ನಿರ್ದಾಕ್ಷಿಣ್ಯವಾಗಿ ಹೇಳಿ.

1. ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಗುರುತಿಸಿ ಹಿರಿಯರಿಗೆ ತಿಳಿಸಬಲ್ಲೆ.
2. ಸಿಪಿಆರ್‌ನ ಸರಿಯಾದ ಕ್ರಮ ನನಗೆ ಗೊತ್ತು.
3. ಮುಂದೆ ಇಂಥ ಸಂದರ್ಭ ಬಂದರೆ ತಡಮಾಡದೆ ಫೋನ್ ಮಾಡುತ್ತೇನೆ.
4. ತುರ್ತು ಸಂದರ್ಭದಲ್ಲಿ ತಂಡದೊಂದಿಗೆ ಚೆನ್ನಾಗಿ ಕೆಲಸ ಮಾಡಬಲ್ಲೆ.
5. ಸಕಾಲಕ್ಕೆ ಸಿಪಿಆರ್ ಮಾಡಿದರೆ ರೋಗಿ ಬದುಕುತ್ತಾನೆ ಎಂಬ ನಂಬಿಕೆ ನನಗಿದೆ.

ಹಗಲು_ಗನಸು:
ನಿರ್ದಾಕ್ಷಿಣ್ಯ ಅಂದಿರಲ್ಲ, ಆಯಿತು.

ಮೊದಲನೆಯದರಲ್ಲಿ ಎರಡು ಪ್ರಶ್ನೆ ಇವೆ. ನಂಬಿಕೆ ನೂರಕ್ಕೆ ಗುರುತಿಸುವುದರಲ್ಲಿ 90, ತಿಳಿಸುವುದರಲ್ಲಿ 40 ಇರುವವರು ಏನು ಬರೆಯಬೇಕು? 65 ಎಂದು ಬರೆದರೆ ನಿಮಗೆ ಬೇಕಾಗಿದ್ದ ಮಾಹಿತಿ ಅಲ್ಲೇ ಸತ್ತಿತು. ಎರಡನೆಯದು ತಿಳಿವಳಿಕೆ, ಅದನ್ನು ಕೇಳಬೇಡಿ, ಪರೀಕ್ಷೆ ಮಾಡಿ. ಮೂರನೆಯದು ಉದ್ದೇಶ, ತರಬೇತಿ ಮುಗಿದ ದಿನ ಎಲ್ಲರ ಉದ್ದೇಶವೂ ಚಿನ್ನದಂತೆ ಇರುತ್ತದೆ. ನಾಲ್ಕನೆಯದರಲ್ಲಿ "ಚೆನ್ನಾಗಿ" ಎಂದರೇನು? ಐದನೆಯದು ಫಲಿತಾಂಶದ ನಿರೀಕ್ಷೆ, ಬಂಡೂರ ಇದನ್ನು 1977ರಲ್ಲೇ ಬೇರೆ ಇಟ್ಟಿದ್ದಾರೆ. ಒತ್ತುವ ಕೆಲಸ ನನ್ನಿಂದ ಆಗುತ್ತದೆಯೇ ಎಂಬುದು ಒಂದು, ಒತ್ತಿದರೆ ರೋಗಿ ಉಳಿಯುತ್ತಾನೆಯೇ ಎಂಬುದು ಇನ್ನೊಂದು. ಅನುಭವಿ ನರ್ಸ್ ಮೊದಲನೆಯದಕ್ಕೆ 100 ಕೊಟ್ಟು ಎರಡನೆಯದಕ್ಕೆ ತಲೆಯಾಡಿಸಬಹುದು, ಎರಡೂ ಸರಿಯೇ.

ಐದನ್ನೂ ಬಿಟ್ಟು ಹೊಸದಾಗಿ ಶುರು ಮಾಡಿ. ಒಂದೊಂದು ಕೆಲಸಕ್ಕೂ ಸುಲಭದಿಂದ ಕಷ್ಟಕ್ಕೆ ಏರುವ ನಾಲ್ಕೈದು ಮೆಟ್ಟಿಲು ಕಟ್ಟಿ.

ರಾತ್ರಿ_ಪಾಳಿ:
ಫೋನ್ ಮೆಟ್ಟಿಲು ನಾನು ಕಟ್ತೀನಿ, ಭಾಷೆ ನೀವು ತಿದ್ಕೊಳ್ಳಿ.

ಕೆಳಗಿನದು: ಹಗಲು ಹೊತ್ತು, ಅರ್ಲಿ ವಾರ್ನಿಂಗ್ ಸ್ಕೋರ್ (ನಾಡಿ, ಉಸಿರು, ಬಿಪಿ ಇಂಥವನ್ನ ನೋಡಿ ಹಾಕೋ ಎಚ್ಚರಿಕೆ ಅಂಕ) ಮಿತಿ ದಾಟಿದೆ, ನಂಗೆ ಪರಿಚಯ ಇರೋ ಡಾಕ್ಟರ್‌ಗೆ ಫೋನ್ ಮಾಡಬಲ್ಲೆ. ಇದಕ್ಕೆ ಎಲ್ಲರೂ 100 ಹಾಕ್ತಾರೆ, ಹಾಕ್ಲಿ.

ಅದರ ಮೇಲೆ: ಅದೇ ಸ್ಕೋರ್, ಆದ್ರೆ ರಾತ್ರಿ ಮೂರು ಗಂಟೆ, ಪರಿಚಯ ಇಲ್ಲದ ಡಾಕ್ಟರ್.

ಅದರ ಮೇಲೆ: ಸ್ಕೋರ್ ಇನ್ನೂ ಮಿತಿ ದಾಟಿಲ್ಲ, ಆದ್ರೆ ರೋಗಿ ಸರಿ ಇಲ್ಲ ಅಂತ ನಂಗೆ ಅನಿಸ್ತಿದೆ. ಇದು ತುಂಬಾ ಮುಖ್ಯ. ಎಷ್ಟೋ ಆಸ್ಪತ್ರೆಗಳ ನಿಯಮದಲ್ಲಿ ಸಿಬ್ಬಂದಿಗೆ ಆತಂಕ ಆದ್ರೆ ಸಾಕು, ಕರೀಬಹುದು ಅಂತ ಬರೆದೇ ಇರುತ್ತೆ. ಬರೆದಿರುತ್ತೆ ಅಷ್ಟೇ.

ಅದರ ಮೇಲೆ: ಅದೇ ರಾತ್ರಿ ಒಂದ್ಸಲ ಫೋನ್ ಮಾಡಿ ಬೈಸ್ಕೊಂಡಾಗಿದೆ, ಒಂದು ಗಂಟೆ ಬಿಟ್ಟು ಅವರಿಗೇ ಮತ್ತೆ ಮಾಡಬಲ್ಲೆ.

ತುತ್ತತುದಿ: ಅವರು "ಬೆಳಿಗ್ಗೆ ನೋಡೋಣ" ಅಂದ್ರು, ನಂಗೆ ಸಮಾಧಾನ ಇಲ್ಲ, ಅವರಿಗಿಂತ ಮೇಲಿನವರಿಗೆ ಫೋನ್ ಮಾಡಬಲ್ಲೆ.

ಈ ಕೊನೇದಕ್ಕೆ 100 ಹಾಕಿದೋರನ್ನ ನಂಗೆ ತೋರಿಸಿ, ನಮ್ಮ ಪಾಳಿಗೆ ಹಾಕಿಸ್ಕೋತೀನಿ.

ಹಳೇ_ಸ್ಟೆತ್:
ಮೇಡಂ, ಈ ಐದು ಸಾಲು ನಮ್ಮ ಕನ್ಸಲ್ಟೆಂಟ್‌ಗಳೂ ಓದಬೇಕು. ನಾನೂ ಸೇರಿದಂತೆ.

ಹೊಸಬ_ಇಂಟರ್ನ್:
ಸಿಪಿಆರ್ ಮೆಟ್ಟಿಲಿಗೆ ನನ್ನದೊಂದು: ಮನಿಕಿನ್ ಮೇಲೆ, ಆಮೇಲೆ ನಿಜವಾದ ರೋಗಿಗೆ ತಂಡದ ಜೊತೆ, ಆಮೇಲೆ ತಂಡ ಬರೋವರೆಗೆ ಒಬ್ಬನೇ, ಆಮೇಲೆ ಮನೆಯವರು ಅಲ್ಲೇ ನಿಂತು ಅಳ್ತಿರುವಾಗ. ನನಗೆ ಕೊನೇದೇ ಭಯ.

ಸೊನ್ನೆ_ಒಂದು:
ಈಗ ನನ್ನ ಪಾಲು.

ಅಳತೆಗೋಲು: 0ರಿಂದ 100, ಹತ್ತತ್ತರ ಅಂತರ. 0 ಅಂದ್ರೆ ಖಂಡಿತ ಆಗಲ್ಲ, 50 ಅಂದ್ರೆ ಸುಮಾರಾಗಿ ಆಗಬಹುದು, 100 ಅಂದ್ರೆ ಖಂಡಿತ ಆಗುತ್ತೆ. ನಾಲ್ಕು ಅಥವಾ ಐದು ಮನೆಯ ಟಿಕ್ ಬೇಡ, ಅಲ್ಲಿ ಎಲ್ಲರೂ ಮೇಲಿನ ಎರಡು ಮನೆಯಲ್ಲೇ ಗುಂಪಾಗ್ತಾರೆ, ಮೇಲೆ ಏರೋಕೆ ಜಾಗ ಇರಲ್ಲ. 0–100 ಹೊಸತಾಗಿ ಕಂಡ್ರೆ ಮೊದಲು ಒಂದು ಅಭ್ಯಾಸದ ಪ್ರಶ್ನೆ ಕೊಡಿ. ಬಂಡೂರ ಭಾರ ಎತ್ತೋದರ ಬಗ್ಗೆ ಕೇಳ್ತಾರೆ: ಇಷ್ಟು ಭಾರ ಎತ್ತಬಲ್ಲಿರಾ, ಅದಕ್ಕಿಂತ ಹೆಚ್ಚು, ಇನ್ನೂ ಹೆಚ್ಚು. ಅರ್ಧ ನಿಮಿಷದಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ.

ಪ್ರಾಯೋಗಿಕವಾಗಿ ಕೆಲವರಿಗೆ ಕೊಟ್ಟು ನೋಡಿ. ಶೇಕಡಾ 15ಕ್ಕಿಂತ ಹೆಚ್ಚು ಜನ ಒಟ್ಟು ಅಂಕದಲ್ಲಿ ತುದಿ ಮುಟ್ಟಿದ್ರೆ ಸ್ಕೇಲ್ ಸಾಲದು, ಇನ್ನೂ ಕಷ್ಟದ ಮೆಟ್ಟಿಲು ಬೇಕು ಅಂತ ಅರ್ಥ.

ಕ್ರಾನ್‌ಬಾಕ್ ಆಲ್ಫಾ (ಸಾಲುಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತೆ ಅನ್ನೋ ಸಂಖ್ಯೆ) ಎಲ್ಲರೂ ಕೇಳ್ತಾರೆ, 0.7 ದಾಟಿದ್ರೆ ಖುಷಿ ಪಡ್ತಾರೆ. 0.95 ದಾಟಿದ್ರೆ ನಾನು ಅನುಮಾನ ಪಡ್ತೀನಿ, ಒಂದೇ ಪ್ರಶ್ನೆಯನ್ನ ಬೇರೆ ಬೇರೆ ಮಾತಲ್ಲಿ ಕೇಳಿದ್ದೀರಿ ಅಂತ. ಇಂಟರ್ನ್ ಹೇಳಿದ ಹಾಗೆ ನೇರ ಗೆರೆ ಎಳೆದ ಹಾಳೆಗಳೂ ಆಲ್ಫಾನ ಸೊಗಸಾಗಿ ಏರಿಸುತ್ತವೆ. ಆಲ್ಫಾ ಮೇಲಿದೆ ಅಂದಮಾತ್ರಕ್ಕೆ ನೀವು ಅಳೀಬೇಕು ಅಂದುಕೊಂಡಿದ್ದನ್ನೇ ಅಳೆದಿರಿ ಅಂತಲ್ಲ.

ಇನ್ನು ಎಷ್ಟು ಏರಿದ್ರೆ ಏರಿಕೆ ಅನ್ನಬೇಕು? ಉದಾಹರಣೆಗೆ ಸರಾಸರಿ ಅಂಕದ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಎಷ್ಟು ಚದುರಿವೆ ಅನ್ನೋ ಅಳತೆ) 12, ಒಂದೆರಡು ವಾರದ ಅಂತರದಲ್ಲಿ ಮತ್ತೆ ಕೊಟ್ಟಾಗಿನ ವಿಶ್ವಾಸಾರ್ಹತೆ (ಎರಡು ಸಲದ ಅಂಕ ಎಷ್ಟು ಹೊಂದುತ್ತೆ ಅನ್ನೋದು) 0.84 ಅಂದುಕೊಳ್ಳಿ. ಅಳತೆಯ ದೋಷ ಅಂದ್ರೆ 12ನ್ನ 0.16ರ (1ರಿಂದ 0.84 ಕಳೆದದ್ದು) ವರ್ಗಮೂಲದಿಂದ ಗುಣಿಸಿದ್ದು, 4.8. ಒಬ್ಬ ವ್ಯಕ್ತಿಯ ಅಂಕ ನಿಜವಾಗಿ ಬದಲಾಗಿದೆ ಅನ್ನೋಕೆ 1.96 (ಶೇಕಡಾ 95 ಖಚಿತತೆಗೆ ಬಳಸೋ ಸಂಖ್ಯೆ), 2ರ ವರ್ಗಮೂಲ, 4.8 ಮೂರನ್ನೂ ಗುಣಿಸಿ, ಸುಮಾರು 13 ಬರುತ್ತೆ. ಅಂದ್ರೆ ಒಬ್ಬರ ಅಂಕ 70ರಿಂದ 78ಕ್ಕೆ ಹೋಯ್ತು ಅಂತ ಅವರ ಬೆನ್ನು ತಟ್ಟೋದೂ ತಪ್ಪು, 70ರಿಂದ 62ಕ್ಕೆ ಬಂತು ಅಂತ ಕರೆದು ವಿಚಾರಿಸೋದೂ ತಪ್ಪು. ಗುಂಪಿನ ಸರಾಸರಿಗೆ ಇಷ್ಟು ದೊಡ್ಡ ಅಂತರ ಬೇಕಿಲ್ಲ, ಆ ಲೆಕ್ಕ ಬೇರೆ.

ಹೋಲಿಕೆಗೆ ಪೇರ್ಡ್ ಟಿ-ಟೆಸ್ಟ್ (ಜೋಡಿ ಅಂಕಗಳನ್ನ ಹೋಲಿಸೋ ಲೆಕ್ಕ), ವ್ಯತ್ಯಾಸಗಳ ಹಂಚಿಕೆ ತೀರಾ ಓರೆ ಇದ್ರೆ ವಿಲ್ಕಾಕ್ಸನ್ ಅನ್ನೋ ಪರೀಕ್ಷೆ. ಪಿ ಬೆಲೆ (ನಿಜವಾಗಿ ಬದಲಾವಣೆ ಇಲ್ಲದಿದ್ರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣೋ ಸಂಭವ) ಒಂದನ್ನೇ ಬರೆದು ಕೂರಬೇಡಿ, ಎಷ್ಟು ಅಂಕ ಬದಲಾಯ್ತು, ಅದರ ವಿಶ್ವಾಸಾಂತರ (ನಿಜವಾದ ಬದಲಾವಣೆ ಇರಬಹುದಾದ ವ್ಯಾಪ್ತಿ) ಎಷ್ಟು, ಎರಡನ್ನೂ ಕೊಡಿ.

ವಾರ್ಡ್_ಪುಸ್ತಕ:
ತುಂಬಾ ಧನ್ಯವಾದ. ಆದ್ರೆ ಒಂದು ವಿಚಿತ್ರ. ಇನ್ನೊಂದು ವಿಭಾಗದ ಗೆಳತಿಯೊಬ್ಬರು ಇಂಥದ್ದೇ ತರಬೇತಿ ಮಾಡಿಸಿದ್ರು, ಆದಮೇಲೆ ಅಂಕ ಇಳೀತಂತೆ. ಅದು ಹೇಗೆ ಸಾಧ್ಯ?

ಹಗಲು_ಗನಸು:
ಖಂಡಿತ ಸಾಧ್ಯ, ಕೆಲವೊಮ್ಮೆ ಅದು ತರಬೇತಿ ಫಲಿಸಿದ್ದರ ಗುರುತು. ಮುಂಚೆ 90 ಕೊಟ್ಟವರಿಗೆ ಎದೆ ಎಷ್ಟು ಆಳಕ್ಕೆ ಹೋಗಬೇಕು ಎಂದೇ ಗೊತ್ತಿರಲಿಲ್ಲ. ಮನಿಕಿನ್ ಪರದೆಯಲ್ಲಿ ತಮ್ಮ ಒತ್ತಡ ಮೂರೂವರೆ ಸೆಂಟಿಮೀಟರ್ ಎಂದು ಕಂಡ ಮೇಲೆ 60 ಕೊಡುತ್ತಾರೆ. ಅಳತೆಗೋಲು ಕಾಗದದ ಮೇಲೆ ಅದೇ, ಅವರ ತಲೆಯೊಳಗೆ ಬದಲಾಗಿದೆ. ರೆಸ್ಪಾನ್ಸ್ ಶಿಫ್ಟ್ ಎನ್ನುತ್ತಾರೆ.

ಇದಕ್ಕೆ ಒಂದು ಉಪಾಯ ಇದೆ. ತರಬೇತಿ ಮುಗಿದ ಮೇಲೆ ಅದೇ ಹಾಳೆಯಲ್ಲಿ ಎರಡು ಅಂಕಣ ಕೊಡುವುದು: ಈಗ ಎಷ್ಟು, ಮತ್ತು ಈಗ ತಿಳಿದದ್ದನ್ನು ಇಟ್ಟುಕೊಂಡು ಹಿಂತಿರುಗಿ ನೋಡಿದರೆ ತರಬೇತಿಗೆ ಮುಂಚೆ ನಿಜಕ್ಕೂ ಎಷ್ಟಿತ್ತು.

ಹಳೇ_ಸ್ಟೆತ್:
ಅದರಲ್ಲೂ ಮೋಸ ಇದೆ. "ಮುಂಚೆ ಎಷ್ಟಿತ್ತು" ಅಂತ ತರಬೇತಿ ಮುಗಿದ ಮೇಲೆ ಕೇಳಿದ್ರೆ, ಎರಡು ದಿನ ಕೂತಿದ್ದಕ್ಕೆ ಏನಾದ್ರೂ ಪ್ರಯೋಜನ ಆಗಿರ್ಲೇಬೇಕು ಅಂತ ಜನ ಮುಂಚಿನದ್ದನ್ನ ಬೇಕಂತ್ಲೇ ಇಳಿಸ್ತಾರೆ. ಪಾಠ ಮಾಡ್ದೋರ ಮೇಲಿನ ಪ್ರೀತಿ.

ಹಗಲು_ಗನಸು:
ಹೌದು ಸರ್. ಅದಕ್ಕೇ ಮುಂಚಿನ ಹಾಳೆಯನ್ನು ಬಿಡದೆ, ಇದನ್ನು ಹೆಚ್ಚುವರಿಯಾಗಿ ಕೊಡಬೇಕು. ಮೂರೂ ಅಂಕಗಳನ್ನು ವರದಿಯಲ್ಲಿ ತೋರಿಸಿ, ಓದುವವರು ತೀರ್ಮಾನಿಸಲಿ. ಮನಿಕಿನ್ ಅಂಕ ಪಕ್ಕದಲ್ಲಿದ್ದರೆ ಯಾವುದು ಹೆಚ್ಚು ನಿಜ ಎಂದು ಸುಮಾರಾಗಿ ಊಹಿಸಬಹುದು.

ಇನ್ನೊಂದು ಮಾತು, ವಾರ್ಡ್_ಪುಸ್ತಕ ಅವರಿಗೆ. ಅಂತಿಮ ಹಾಳೆಯನ್ನು ಪರಿಣತರಿಗೆ ತೋರಿಸಿದರಷ್ಟೇ ಸಾಲದು. ನಾಲ್ಕೈದು ವಾರ್ಡ್ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಜೋರಾಗಿ ಓದಿ, ಮನಸ್ಸಿಗೆ ಬಂದದ್ದನ್ನು ಹೇಳುತ್ತ ಉತ್ತರಿಸಿ ಎನ್ನಿ. ಯಾವ ಸಾಲಿನಲ್ಲಿ ತಡವರಿಸುತ್ತಾರೆ, ಎಲ್ಲಿ "ಇದರರ್ಥ ಏನು" ಎಂದು ಮುಖ ನೋಡುತ್ತಾರೆ, ಅಲ್ಲಿ ಪೆನ್ಸಿಲ್ ಇಡಿ. ಆಲ್ಫಾಗಿಂತ ಈ ಒಂದು ಮಧ್ಯಾಹ್ನದಲ್ಲಿ ಹೆಚ್ಚು ಕಲಿಯುತ್ತೀರಿ.

ರಾತ್ರಿ_ಪಾಳಿ:
ನಂದೊಂದು ಪ್ರಶ್ನೆ. ಫೋನ್ ಮೆಟ್ಟಿಲಿನ ಮೇಲಿನ ಎರಡು ಸಾಲಿಗೆ ಎಲ್ಲರೂ 20, 30 ಹಾಕಿದ್ರು ಅಂತಿಟ್ಕೊಳ್ಳಿ. ಆಮೇಲೇನು? ನರ್ಸ್‌ಗಳಿಗೆ ಇನ್ನೊಂದು ತರಬೇತಿನಾ?

ಹಗಲು_ಗನಸು:
ಈ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ಬಂಡೂರ ನಾಲ್ಕು ಮೂಲ ಹೇಳುತ್ತಾರೆ: ತಾವೇ ಮಾಡಿ ಗೆದ್ದ ಅನುಭವ, ತಮ್ಮಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಮಾತು, ಮತ್ತು ಆ ಹೊತ್ತಿನ ದೇಹ-ಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಫೋನ್ ಮಾಡಿದಾಗ ಆ ಕಡೆಯಿಂದ "ಕರೆದದ್ದು ಒಳ್ಳೆಯದಾಯಿತು, ಬರ್ತೀನಿ" ಎಂದು ಕೇಳಿದವರ ನಂಬಿಕೆ ಏರುತ್ತದೆ. ಬೈಸಿಕೊಂಡವರದು ಇಳಿಯುತ್ತದೆ. ತರಬೇತಿ ಕೋಣೆಯಲ್ಲಿ ಏರಿದ್ದು ಮೊದಲ ರಾತ್ರಿಪಾಳಿಯಲ್ಲೇ ಇಳಿದರೆ, ಹಾಳೆ ತೋರಿಸುತ್ತಿರುವುದು ನರ್ಸ್‌ನ ಕೊರತೆಯನ್ನಲ್ಲ.

ಹಳೇ_ಸ್ಟೆತ್:
ಅಂದ್ರೆ ತರಬೇತಿ ಬೇಕಾಗಿರೋದು ಫೋನ್ ಎತ್ತೋರಿಗೆ.

ಸೊನ್ನೆ_ಒಂದು:
ಅದಕ್ಕೇ ಒಟ್ಟು ಅಂಕ ಒಂದನ್ನೇ ವರದಿ ಮಾಡಬೇಡಿ ಅನ್ನೋದು. ಮೂರು ಕೆಲಸಕ್ಕೆ ಮೂರು ಸರಾಸರಿ, ಜೊತೆಗೆ ಸಾಲುವಾರು ಪಟ್ಟಿ. ಫೋನ್ ಸಾಲು 25, ಸಿಪಿಆರ್ ಸಾಲು 85 ಇದ್ದಾಗ "ಒಟ್ಟಾರೆ 68, ತೃಪ್ತಿಕರ" ಅಂತ ಬರೆಯೋ ವರದಿಗಳನ್ನ ನೋಡಿ ನೋಡಿ ಸಾಕಾಗಿದೆ. ಮೂರನೇ ಅಳತೆ ಎರಡು ಮೂರು ತಿಂಗಳ ಮೇಲೆ ಇಟ್ಕೊಳ್ಳಿ. ತರಬೇತಿ ಮುಗಿದ ಸಂಜೆಯ ಅಂಕ ನಂಗೆ ಅಷ್ಟು ಮುಖ್ಯ ಅಲ್ಲ.

ಹೊಸಬ_ಇಂಟರ್ನ್:
ಹೊತ್ತಿನ ವಿಷಯ ಬಂತಲ್ಲ, ಮುಂಚಿನ ಹಾಳೆನ ರಾತ್ರಿಪಾಳಿ ಮುಗಿಸಿ ಬಂದೋರ ಕೈಗೆ ಕೊಡಬೇಡಿ ಮೇಡಂ. ಕಣ್ಣು ಮುಚ್ಚಿಕೊಂಡು ಬರುತ್ತೆ, ಏನು ಕೇಳಿದ್ರೂ ಆಗಲ್ಲ ಅನ್ಸುತ್ತೆ. ಆಮೇಲಿನ ಹಾಳೆನ ತರಬೇತಿ ದಿನ, ನಿದ್ದೆ ಮಾಡಿ ಬಂದಾಗ ಕೊಟ್ರೆ ಅಂಕ ತಾನಾಗೇ ಏರುತ್ತೆ.

ಹಗಲು_ಗನಸು:
ನಾಲ್ಕನೇ ಮೂಲ ಅದೇ. ಚೆನ್ನಾಗಿ ಹಿಡಿದಿರಿ.

ವಾರ್ಡ್_ಪುಸ್ತಕ:
ಹಾಗಾದ್ರೆ ಮೂರೂ ಸಲ ಹಗಲುಪಾಳಿ ಶುರುವಾಗೋ ಮುಂಚೆ, ಹ್ಯಾಂಡೋವರ್‌ಗಿಂತ (ಹಿಂದಿನ ಪಾಳಿಯವರು ರೋಗಿಗಳ ವಿವರ ಒಪ್ಪಿಸೋದು) ಮೊದಲು ಹತ್ತು ನಿಮಿಷ ಕೇಳ್ಕೋತೀನಿ. ರಾತ್ರಿಪಾಳಿಯಲ್ಲಿರೋರಿಗೆ ಅವರು ಹಗಲಿಗೆ ಬಂದ ವಾರ. ಹದಿನಾಲ್ಕು ಸಾಲಿನ ಹೊಸ ಹಾಳೆ ಬರೀತಿದ್ದೀನಿ, ಫೋನ್ ಮೆಟ್ಟಿಲು ರಾತ್ರಿ_ಪಾಳಿ ಮೇಡಂ ಮಾತಲ್ಲೇ ಇರುತ್ತೆ. "ಬೈಸಿಕೊಂಡ ಮೇಲೆ" ಅನ್ನೋ ಪದ ತೆಗೀರಿ ಅಂತ ಮೇಲಿನವರು ಹೇಳ್ತಾರೆ ಅನ್ನೋದು ಗೊತ್ತು, ಅದಕ್ಕೆ ಏನು ಹಾಕ್ಲಿ?

ರಾತ್ರಿ_ಪಾಳಿ:
"ಅಸಮಾಧಾನದ ಪ್ರತಿಕ್ರಿಯೆ ಬಂದ ನಂತರವೂ" ಅಂತ ಹಾಕಿ. ನಮಗೆಲ್ಲ ಅರ್ಥ ಆಗುತ್ತೆ.